ಹಬ್ಬದ ದಿನ ಗೇಟು ಎತ್ತಲಿಲ್ಲ

ರಜಾ ಬಂತಂದ್ರ ನಮ್ಮ ಮಂದಿ ಕೇಳೋದು ಎರಡ ಮಾತು. ಯಾವ ವಾರ ಬಿದ್ದೈತಿ, ಬಸ್ಸು ಓಡ್ತಾವೋ ಇಲ್ಲೋ. ಯಾತಕ್ಕ ರಜಾ ಅಂತ ಕೇಳಿ ನೋಡ್ರಿ, ನಿಮ್ಮ ಮಾರಿ ಮಾರಿ ನೋಡ್ತಾರ. ಮೊನ್ನೆ ನನ್ನ ಮೊಮ್ಮಗಳು ಕ್ಯಾಲೆಂಡರಿನಾಗ ಮೊಹರಂ ದಿನದ ಕೆಂಪು ಅಂಕಿ ಮ್ಯಾಲ ಬೆರಳಿಟ್ಟು, 'ಇದು ಯಾಕಬೇ ಯಮ್ಮಾ?' ಅಂತ ಕೇಳಿದ್ಲು. ನನಗ ಮೈಯೆಲ್ಲಾ ಉರೀತು. ಕೂಸಿನ ಮ್ಯಾಲಲ್ಲ, ನನ್ನ ಮ್ಯಾಲ. ಯಾಕಂದ್ರ ಆ ಹಬ್ಬ ಯಾತಕ್ಕ ಅಂತ ನನಗ ಚಂದಾಗಿ ಗೊತ್ತಿತ್ತು. ಗೊತ್ತಿದ್ದೂ ನಾ ಹಂಗ ಮಾಡಿದೆ.

ಆಗ ನನ್ನ ಗಂಡಂದು ಕಾಲುವಿ ಗೇಟು ಕಾಯೋ ಕೆಲಸ. ಸಿಂಧನೂರಿನಿಂದ ಬಳಗಾನೂರಿಗೆ ಹೋಗೋ ಕಡೆ ಕಾಲುವಿ ದಂಡಿ ಮ್ಯಾಲ ನಮ್ಮ ಮನಿ ಇತ್ತು. ಕಾಲುವಿಗೆ ನೀರು ಬಂದು ಹತ್ತು-ಹನ್ನೆರಡು ವರ್ಷ ಆಗಿದ್ವು. ಅಂಗಳದಾಗ ನಿಂತ್ರ ಸಣ್ಣ ಕಾಲುವಿ ಗೇಟು ಕಾಣ್ತಿತ್ತು. ಅದನ್ನ ಎತ್ತಿದ್ರ ಎರಡು ಮೈಲಿ ಕೆಳಗಿನ ಹಳ್ಳಿ ಕೆರಿಗೆ ನೀರು. ಇಳಿಸಿದ್ರ ಆ ನೀರೂ ಮ್ಯಾಲಿನ ಊರಿನವರ ನೆಲ್ಲಿನ ಗದ್ದಿಗೇ. ಕೆಳಗಿನ ಮಂದಿ ಕುಡಿಯೋದು ಆ ಕೆರಿ ನೀರ. ಅವರ ಬಾವಿ ನೀರು ಸೌಳು, ಬಾಯಾಗ ಇಟ್ಟಕೊಳ್ಳಾಕ ಬರ್ತಿದ್ದಿಲ್ಲ. ಆ ಬ್ಯಾಸಿಗ್ಯಾಗ ಮ್ಯಾಲಿನ ಊರಿನ ದೊಡ್ಡ ಮಂದಿ ಬಂದು, 'ನೆಲ್ಲು ತೆನಿ ಕಟ್ಟಾಕತ್ತೈತಿ, ಹಬ್ಬ ಮುಗಿಯೋತನಕ ಗೇಟು ಎತ್ತಬ್ಯಾಡ' ಅಂದ್ರು. ಕಾಲುವಿ ಇಲಾಖೆ ಸಾಹೇಬ್ರು ರಜಾ ಹಾಕಿ ತಮ್ಮೂರಿಗೆ ಹೋಗಿದ್ರು, ಕೇಳೋರು ಯಾರು? ನನ್ನ ಗಂಡ ಹೂಂ ಅಂದುಬಿಟ್ಟ. ಐದು ದಿನ ಗೇಟು ಇಳಿದೇ ಇತ್ತು.

ಮೊಹರಂ ಅಂದ್ರ ನಮ್ಮ ಅಲಾಯಿ ಹಬ್ಬ. ಅದು ನಮ್ಮ ಕಡೆ ಬರೇ ಮುಸಲ್ಮಾನರದಲ್ಲ. ಊರಿಗೆ ಊರೇ ಪಂಜಾ ದೇವರ ಮುಂದ ಸಕ್ಕರಿ ಇಟ್ಟು ಓದಿಸ್ತೈತಿ, ಕುಣಿ ತೋಡಿ ಬೆಂಕಿ ಹಾಕಿ ಸುತ್ತ ಹೆಜ್ಜಿ ಹಾಕ್ತೈತಿ. ನನ್ನ ಗಂಡ ವರ್ಷಾ ಹುಲಿವೇಷ ಹಾಕ್ತಿದ್ದ. ನಾನು ಹೆಣ್ಮಕ್ಕಳ ಕೂಡ ಪದ ಹಾಡ್ತಿದ್ದೆ. ಮಗ್ಗಲದಾಗ ಹೊಳಿ ಹರೀತಿದ್ರೂ ವೈರಿಗಳು ಅಡ್ಡ ನಿಂತು, ಇಮಾಮರ ಮನಿ ಮಕ್ಕಳಿಗೆ ಒಂದು ಗುಟುಕು ನೀರು ಸಿಗದಂಗ ಮಾಡಿದ್ದರ ಪದ ಅದು, ಹಬ್ಬ ಇರೋದೂ ಅದರ ನೆನಪಿಗೇ. ಹಾಡ್ತಾ ಹಾಡ್ತಾ ಅಳ್ತಿದ್ದೆ. ಸುಳ್ಳಲ್ಲ, ಖರೇನ ಅಳ್ತಿದ್ದೆ.

ಹಬ್ಬದ ಹತ್ತನೇ ದಿನ ಬಿಸಿಲು ಏರಿತ್ತು. ಗಂಡ ಮೈಗೆ ಬಣ್ಣ ಹಚ್ಚಿಕೊಂಡು ಊರಾಗ ಹೋಗಿದ್ದ. ದೇವರ ಹಿಂದ ಕಾಲುವಿಗೆ ಬರೋ ಮಂದಿಗಂತ ನಾನು ಹಂಡೇದಾಗ ಬೆಲ್ಲದ ಪಾನಕ ಕಲಸಾಕತ್ತಿದ್ದೆ. ಬಾಯಾಗ ಅದ ಪದ. ಆಗ ಕೆಳಗಿನ ಹಳ್ಳಿ ಹೆಣ್ಮಗಳೊಬ್ಬಳು ಖಾಲಿ ಕೊಡ ಹೊತ್ತು ಬಂದು ಅಂಗಳದಾಗ ಕುಂತ್ಲು. ನನಗಿಂತ ದೊಡ್ಡಾಕಿ, ಕಾಲಾಗ ಚಪ್ಲಿ ಇದ್ದಿಲ್ಲ.

'ಯವ್ವಾ, ಗೇಟು ಎತ್ತಸು. ಕೆರ್ಯಾಗ ರಾಡಿ ಉಳದೈತಿ. ಅದನ್ನ ಕುಡುದು ಮಂದಿಗೆ ವಾಂತಿ-ಭೇದಿ ಹತ್ತೈತಿ. ನನ್ನ ಮಗಳು ಹಸೀ ಬಾಣಂತಿ, ಮುಂಜಾಲಿಂದ ಆಕೀಗೂ ಹತ್ತೈತಿ' ಅಂದ್ಲು.

'ನಮ್ಮ ಮನಿಯವರು ಇಲ್ಲಕ್ಕಾ. ಇವತ್ತು ಹಬ್ಬ, ಸರ್ಕಾರಿ ರಜಾ.'

'ಕೀಲಿಕೈ ಮನ್ಯಾಗ ಇಲ್ಲೇನು? ಕೊಡು, ನಾನ ತಿರುವ್ತೀನಿ.'

ಕೀಲಿಕೈ ನನ್ನ ಬೆನ್ನ ಹಿಂದ, ಒಳಗಿನ ಗ್ವಾಡಿ ಗೂಟಕ್ಕ ಜೋತು ಬಿದ್ದಿತ್ತು. 'ಇಲ್ಲ' ಅಂದೆ. 'ಅವರ ಹತ್ರ ಐತಿ. ಈಗ ಬಂದಾರು, ಕುಂದ್ರು.'

ಯಾಕ ಹಂಗಂದೆ? ಗಂಡ ಬೈತಾನ ಅಂತ, ದೊಡ್ಡ ಮಂದಿ ನೌಕರಿ ಕಳೀತಾರ ಅಂತ. ಇನ್ನೊಂದು ಐತಿ, ಅದನ್ನೂ ಹೇಳಿಬಿಡ್ತೀನಿ: ದೇವರು ಬರೋದ್ರಾಗ ಪಾನಕ ಆಗಬೇಕಿತ್ತು ನನಗ. ಥೂ, ನನ್ನ ಜಲ್ಮಕ್ಕಿಷ್ಟು!

'ಸದ್ಯ ದೊಡ್ಡ ಕಾಲುವ್ಯಾಗ ಒಂದು ಕೊಡ ತುಂಬ್ಕೊಂಡು ಹೋಗು' ಅಂತನೂ ಹೇಳಿದೆ.

'ಒಂದು ಕೊಡ ಯಾರ ಬಾಯಿಗೆ ಹಾಕ್ಲಿ ಯವ್ವಾ? ಓಣಿಗೆ ಓಣೀನ ಮಲಗೈತಿ. ನಿನ್ನ ಗಂಡ ಬರ್ಲಿ, ಗೇಟು ಎತ್ತಿಸಿಕೊಂಡ ಹೋಗ್ತೀನಿ' ಅಂದು ಬೇವಿನ ಗಿಡದ ಕೆಳಗ ಕುಂತ್ಲು.

ಮಧ್ಯಾಹ್ನ ದೇವರು ಬಂದ್ವು. ಹಲಗಿ ಬಡಿತ, ಕೇಕಿ, ಧೂಳು. ಬಂದ ಬಂದವರಿಗೆಲ್ಲಾ ಪಾನಕ ಕೊಟ್ಟೆ, ಎಲ್ಲಾರೂ ಪುಣ್ಯಾ ಬರ್ಲಿ ಅಂದ್ರು. ಆಕೀಗೂ ಒಂದು ಗಿಲಾಸ ಕೊಟ್ಟೆ. ಕುಡುದು, ಸೆರಗಿಲೆ ಬಾಯಿ ಒರಸಿಕೊಂಡು, 'ಬಂದ್ರೇನು?' ಅಂತ ಕೇಳಿದ್ಲು. ಹುಲಿ ಬಣ್ಣದಾಗ ಕುಣಿಯಾಕತ್ತಿದ್ದ ನನ್ನ ಗಂಡ ಆಕಿ ಮುಂದನ ಹಾದು ಹೋದ. ಇವನೇ ನನ್ನ ಗಂಡ ಅಂತ ನಾ ಹೇಳಲಿಲ್ಲ. 'ಇನ್ನೂ ಇಲ್ಲಕ್ಕಾ' ಅಂದೆ.

ಹೊತ್ತು ಇಳಿಯೋತನಕ ಕಾದ್ಲು. ಆಮ್ಯಾಲ ಕಾಲುವಿಗೆ ಇಳಿದು, ಕೊಡ ತುಂಬ್ಕೊಂಡು ದಂಡಿ ಹಿಡಿದು ಹೋದ್ಲು. ನನಗ ಹಗುರಾತು. ಖರೇ ಹೇಳ್ತೀನಿ, ಆಗ ಹಗುರಾತು.

ಮರುದಿನ ಮುಂಜಾಲೆ ಗಂಡನಿಗೆ ಹೇಳಿದೆ. ಮೈಮ್ಯಾಲಿನ ಬಣ್ಣ ಸೈತ ಇನ್ನೂ ಹೋಗಿದ್ದಿಲ್ಲ, ಪಾಪ, ಓಡಿಹೋಗಿ ಗೇಟು ಎತ್ತಿದ. ಎರಡು ದಿನ ನನಗ ಅನ್ನ ಸೇರಲಿಲ್ಲ. ಮೂರನೇ ದಿನ ಮನಸ್ಸು ತಡೀಲಾರದ ಕೆಳಗಿನ ಹಳ್ಳಿಗೆ ನಡಕೊಂಡು ಹೋದೆ.

ಆಕಿ ಬಾಗಿಲ ಮುಂದ ಕುಂತಿದ್ಲು. ಒಳಗ ಹಸುಗೂಸು ಚೀರಾಕತ್ತಿತ್ತು. ಮಗಳ ಸುದ್ದಿ ಆಕೀನ ಹೇಳಿದ್ಲು. ಕೊಡ ಇಳಿಸಿ ಒಳಗ ಹೋಗೋದ್ರಾಗ ಮಗಳ ಜೀವ ಹೋಗಿತ್ತಂತ. ಮಧ್ಯಾಹ್ನ ಪೂರ್ತಿ ಅವ್ವಾ ನೀರು, ಅವ್ವಾ ನೀರು ಅಂದ್ಲಂತ, ಮಗ್ಗಲ ಮನಿ ಮುದುಕಿ ಅದ ರಾಡಿ ಸೋಸಿ ಹಾಕಿದ್ಲಂತ.

'ನೀರು ಬಂತವ್ವಾ' ಅಂದ್ಲು. 'ಮರುದಿನ ಹೊತ್ತೇರೋದ್ರಾಗ ಬಂತು. ಆ ನೀರಿಲೇನ ಮಗಳ ಮೈ ತೊಳದ್ವಿ. ಕೇಳಿದ ಕೂಡಲೇ ಎತ್ತಿದ್ನಲ್ಲ, ನಿನ್ನ ಗಂಡಗ ಪುಣ್ಯಾ ಬರ್ಲಿ. ನೀನರ ಏನು ಮಾಡ್ತಿದ್ದಿ, ಕೀಲಿಕೈ ನಿನ್ನ ಹತ್ರ ಇದ್ದಿಲ್ಲ.'

ನಾ ಹೂಂ ಅಂದೆ.