ದಾದಾಪೀರ್ ಚಾಚಾ ಮತ್ತು ಹಚ್ಚದ ವೈರು

ಸವಣೂರಿನ ದಾದಾಪೀರ್ ಚಾಚಾ ಸಿಟ್ಟು ಬಂದರೆ ಮನುಷ್ಯರನ್ನು ಬೈಯುತ್ತಿರಲಿಲ್ಲ. ಯಂತ್ರ ಮಾಡಿದವರನ್ನು ಬೈಯುತ್ತಿದ್ದರು. ಕಿವಿಯ ಮೇಲೆ ಸಿಕ್ಕಿಸಿದ್ದ ಟೆಸ್ಟರ್ ತೆಗೆದು, ಬಾಯೊಳಗಿನ ಎಲೆ-ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದೂಡಿ, ಮುಂದಿದ್ದ ಮಿಕ್ಸರಿನತ್ತ ತೋರಿಸುತ್ತ ಶುರು ಮಾಡಿದರೆಂದರೆ ಮುಗಿಯಿತು. "ಇಷ್ಟ್ ಬಿಗಿ ಮುಚ್ಚಳಾ ಮಾಡಿದಾಂವ ಜಲ್ಮದಾಗ ಒಮ್ಮೇನೂ ಚಟ್ನಿ ಅರದಿಲ್ಲ ನೋಡ್ರಿ. ಪೈಲ್ವಾನ್ರಷ್ಟ ಚಟ್ನಿ ತಿಂತಾರೇನು?"

ನಮ್ಮ ಓಣಿಯ ಬಾಯಿಗೇ ಅವರ ರೇಡಿಯೊ-ಟೀವಿ ರಿಪೇರಿ ಅಂಗಡಿ. ಹತ್ತಿಮತ್ತೂರಿನಿಂದ ಕಣ್ಣು ಮಂಜಾದ ಅಜ್ಜನೊಬ್ಬ, ಸ್ಟೇಷನ್ ಹುಡುಕಲು ಬರುವುದಿಲ್ಲವೆಂದು ಸಣ್ಣ ರೇಡಿಯೊವನ್ನೇ ಮಾರಲು ತಂದಿದ್ದ. ಚಾಚಾ ತಿರುಗಿಸುವ ಗಾಲಿಯ ಮೇಲೊಂದು, ಡಬ್ಬಿಯ ಮೇಲೊಂದು ಅರಗಿನ ಹನಿ ಇಟ್ಟರು. "ಮುಟ್ಟಿ ನೋಡ್ರಿ, ಎರಡೂ ಹನಿ ಕೂಡಿದಲ್ಲಿ ಧಾರವಾಡ ಬರ್ತೈತ್ರಿ ಅಜ್ಜಾರ. ಕಣ್ಣು ಹೋದ್ರ ಹಾಡೂ ಹೋಗ್ಬೇಕಂತ ಯಾವ ಕಿತಾಬಿನ್ಯಾಗ ಬರದೈತಿ?" ಅಜ್ಜ ರೇಡಿಯೊ ಎದೆಗವಚಿಕೊಂಡು ಬಸ್ ಹತ್ತಿದ.

ಯಾವ ರಿಪೇರಿಯಾದರೂ ಸರಿ, ಚಾಚಾ ಮೊದಲು ವೈರನ್ನು ಎರಡು ಬೆರಳ ನಡುವೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಸವರಿಕೊಂಡು ಹೋಗುತ್ತಿದ್ದರು. ಗಿರಾಕಿ ನಡುವೆ ಏನಾದರೂ ಹೇಳಲು ಹೋದರೆ ಒಂದೇ ಮಾತು: "ಮೊದ್ಲ ವೈರ್ ಹಿಡಿ, ಆಮ್ಯಾಲ ಬಾಯಿ ಬಿಡು." ನಾನು ಆ ಮಾತನ್ನು ಲಕ್ಷ್ಯಕ್ಕೆ ಹಾಕಿಕೊಂಡಿದ್ದು ಬಹಳ ತಡವಾಗಿ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಟೀವಿ, ಅದಕ್ಕೆ ಹಚ್ಚಿದ ವಿಡಿಯೊ ಗೇಮಿನ ಡಬ್ಬಿ ಇತ್ತು. ಶಾಲೆ ಬಿಟ್ಟ ಮೇಲೆ ಓಣಿಯ ಮಕ್ಕಳೆಲ್ಲ ಅಲ್ಲೇ. ಊರ ಟಾಕೀಸಿನಲ್ಲಿ ಓಡಿದ್ದ ಒಂದು ಪೊಲೀಸ್ ಸಿನಿಮಾದ ಹೆಸರಲ್ಲೇ ಬಂದಿದ್ದ ಆಟದ ಕ್ಯಾಸೆಟ್ಟೆಂದರೆ ನಮಗೆ ಜೀವ. ಹೀರೋ ಓಡುವ ರೈಲಿನ ಮೇಲೆ ಬೋಗಿಯಿಂದ ಬೋಗಿಗೆ ಹಾರಬೇಕು. ಎಡಗೈಯಿಂದ ಓಡಿಸಬೇಕು, ಬಲಗೈಯಿಂದ ಹಾರಿಸಬೇಕು. ನನ್ನ ಎಡಗೈ ಹುಟ್ಟಿನಿಂದಲೇ ಮಣಿಕಟ್ಟಿಗೆ ಮುಗಿದಿದೆ.

ದೊಡ್ಡಪ್ಪನ ಮಕ್ಕಳು ಅದಕ್ಕೊಂದು ಉಪಾಯ ಮಾಡಿದರು. ಇನ್ನೊಂದು ರಿಮೋಟ್ ನನ್ನ ಕೈಗೆ ಕೊಟ್ಟು, "ಓಡಸೋರು ನಾವು, ಹಾರಸಾಕಿ ನೀನು" ಎಂದರು. ನಾನು ಗುಂಡಿ ಒತ್ತಿದಾಗಲೆಲ್ಲ ಹೀರೋ ಹಾರುತ್ತಿದ್ದ. ಎರಡು ತಿಂಗಳು ಹೀಗೇ ನಡೆಯಿತು. ರೈಲು ದಾಟಿಸಿದವಳು ನಾನೇ ಎಂದು ಅವ್ವನ ಮುಂದೆ ದಿನಾ ಬಡಾಯಿ ಕೊಚ್ಚಿದೆ.

ಒಂದು ಸಂಜೆ ಚಾಚಾ ನನ್ನ ಆಟ ನೋಡಲು ಬಂದು ಕುಳಿತರು. ಒತ್ತಲು ಮರೆತು ಅವರತ್ತ ತಿರುಗಿದೆ. ಹೀರೋ ಹಾರಿದ! ಚಾಚಾ ನನ್ನ ರಿಮೋಟಿನ ವೈರ್ ಹಿಡಿದು ಸವರುತ್ತ ಹೋದರು. ಅದರ ತುದಿ ಚಾಪೆಯ ಕೆಳಗೆ ಬಿದ್ದಿತ್ತು. ಡಬ್ಬಿಗೆ ಹಚ್ಚಿರಲೇ ಇಲ್ಲ. ಇಷ್ಟು ದಿನ ಹಾರಿಸುತ್ತಿದ್ದವರೂ ಅಣ್ಣಂದಿರೇ.

ಅಂದು ಮೊದಲ ಸಲ ಅವರು ಮನುಷ್ಯರನ್ನು ಬೈದರು. ಅವರಲ್ಲಿ ದೊಡ್ಡವನು ಅಳುಮುಖ ಮಾಡಿ, "ಆಕಿಗೆ ಖುಷಿ ಆಗ್ಲಿ ಅಂತ ಮಾಡಿದ್ವಿ ಚಾಚಾ" ಎಂದ.

"ಖುಷಿ ಕೊಡಾಕ ನೀವ್ಯಾರಲೇ? ಆಕಿ ಆಡಾಕ ಬಂದಾಳ. ಆಡಿದ್ರ ಸೋಲ್ತಾಳ. ಸೋಲಾಕ ಬಿಡ್ರಿ ಆಕಿನ್ನ!"

ನನಗೋ ಭೂಮಿ ಬಾಯಿ ಬಿಡಬಾರದೇ ಎನಿಸಿತ್ತು. ಅಳುತ್ತ ಮನೆಗೆ ಓಡಿದೆ. ಮರುದಿನ ಚಾಚಾ ತಾವೇ ಬಂದು ಕರೆದೊಯ್ದರು. ಒಂದು ಹಲಗೆಗೆ ಎರಡು ಕಾಲಿಂಗ್ ಬೆಲ್ ಗುಂಡಿ ಬಡಿದು, ಅವುಗಳಿಂದ ರಿಮೋಟಿಗೆ ವೈರ್ ಬೆಸೆದಿದ್ದರು. ಹಿಂದೆ ಮುಂದೆ ಓಡಿಸಲು ಕಾಲು, ಹಾರಿಸಲು ಬಲಗೈ. "ನಿನ್ನ ಕೈಯ್ದು ತಪ್ಪಿಲ್ಲ ಬೇಟಿ. ಗುಂಡಿ ಕುಂತಿದ್ದ ಜಾಗಾ ತಪ್ಪು." ವೈರನ್ನು ನನ್ನಿಂದಲೇ ಹಚ್ಚಿಸಿದರು. ಅಂದು ಹನ್ನೊಂದು ಸಲ ರೈಲಿನಿಂದ ಬಿದ್ದು ಸತ್ತೆ. ಪ್ರತಿ ಸಲವೂ ಚಾಚಾ ತೊಡೆ ತಟ್ಟಿ, "ಸತ್ತಿ ನೋಡ್! ಶಾಬಾಸ್!" ಎನ್ನುತ್ತಿದ್ದರು.

ಈಗ ಹಾನಗಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹೋದ ವರ್ಷ ಅದೇ ಆಟ ಹೊಸದಾಗಿ ಮೊಬೈಲಿಗೆ ಬಂತು. 'ಅಂಗವಿಕಲರೂ ಆಡಬಹುದು' ಎಂದು ಜಾಹೀರಾತು ಬೇರೆ. ಹಸಿದವಳಂತೆ ಇಳಿಸಿಕೊಂಡೆ. ಗುಂಡಿಗಳ ಜಾಗ ಬದಲಿಸಲು ಎಷ್ಟು ತಡಕಾಡಿದರೂ ದಾರಿ ಇಲ್ಲ. ಇದ್ದದ್ದು 'ಸಹಾಯ' ಎಂಬ ಒಂದೇ ಗುಂಡಿ. ಒತ್ತಿದೆ. ಹೀರೋ ತಾನೇ ಓಡಿದ, ತಾನೇ ಹಾರಿದ, ರೈಲು ದಾಟಿದ. ಪರದೆಯ ತುಂಬ ಹೂ ಉದುರಿ, 'ನೀವು ಗೆದ್ದಿರಿ!' ಎಂದಿತು. ನನ್ನ ಮೈಯೆಲ್ಲ ಉರಿದುಹೋಯಿತು. ಯಾರು ಗೆದ್ದರು? ಏನು ಮಾಡಿ ಗೆದ್ದರು?

ಆ ಭಾನುವಾರವೇ ಸವಣೂರಿನ ಬಸ್ ಹಿಡಿದೆ. ಚಾಚಾ ಅಂಗಡಿ ಮುಚ್ಚಿ ಮನೆಯಲ್ಲಿದ್ದರು. ಕೈಗಳು ನಡುಗುತ್ತಿದ್ದವು, ಚಹದ ಕಪ್ಪು ಹಿಡಿಯಲೂ ಆಗುತ್ತಿರಲಿಲ್ಲ. 'ಸಹಾಯ' ಒತ್ತಿ ಮೊಬೈಲನ್ನು ಅವರ ತೊಡೆಯ ಮೇಲಿಟ್ಟೆ. ಅವರು ಮುಟ್ಟದಿದ್ದರೂ ಹೀರೋ ರೈಲು ದಾಟಿದ, ಹೂ ಉದುರಿತು. ಚಾಚಾ ನಡುಗುವ ಬೆರಳಿನಿಂದ ಮೊಬೈಲಿನ ಅಂಚನ್ನು ಸುತ್ತಲೂ ಸವರಿದರು.

"ಇದರ ವೈರ್ ಹಚ್ಚಿಲ್ಲ ಬೇಟಿ."

"ಹಚ್ಚಿಲ್ರೀ ಚಾಚಾ."

"ಅವತ್ತಿನವು ಹುಡುಗ್ರು. ತಿಳೀಲಿಲ್ಲ. ಇದನ್ನ ಮಾಡಿದವ್ರಿಗೇನ್ ಧಾಡಿ?" ಮೊಬೈಲನ್ನು ನನ್ನತ್ತ ದೂಡಿ, "ನೀ ಕಲ್ತಾಕಿ. ಬರಿ ಅವರಿಗೆ" ಎಂದರು. ಹೊರಡುವಾಗ ಮಂಚದ ಕೆಳಗಿದ್ದ ಹಳೆಯ ಡಬ್ಬಿಯನ್ನೂ ಹಲಗೆಯನ್ನೂ ತೆಗೆಸಿ ನನಗೆ ಕೊಟ್ಟರು. ಅದೇ ಕೊನೆಯ ಭೇಟಿ.

ನಾನು ಬರೆದೆ. ಉತ್ತರ ಬರುವಷ್ಟರಲ್ಲಿ ಚಾಚಾ ಮಣ್ಣು ಸೇರಿ ವಾರವಾಗಿತ್ತು. 'ನಮ್ಮ ಆಟದಲ್ಲಿ ಯಾರೂ ಸೋಲಬಾರದೆಂಬುದೇ ನಮ್ಮ ಆಶಯ' ಎಂದಿತ್ತು. ಅದನ್ನು ಅವರಿಗೆ ಓದಿ ಹೇಳಬೇಕಿತ್ತು. ಆಗ ಅವರು ಬೈಯುವುದನ್ನು ಕೇಳುವ ಪುಣ್ಯ ನನಗಿರಲಿಲ್ಲ.

ನಿನ್ನೆ ಹಳೆಯ ಡಬ್ಬಿಯನ್ನು ಟೀವಿಗೆ ಹಚ್ಚಿ, ಹಲಗೆಯನ್ನು ಕಾಲ ಕೆಳಗಿಟ್ಟುಕೊಂಡು ಕುಳಿತೆ. ಮೊದಲು ವೈರ್ ಹಿಡಿದು ತುದಿಯವರೆಗೆ ಸವರಿ ನೋಡಿದೆ. ಮೂರನೇ ಬೋಗಿಯಲ್ಲಿ ಬಿದ್ದು ಸತ್ತೆ. ನಾನೇ ಸತ್ತೆ. ಶಾಬಾಸ್ ಎನ್ನಲು ಯಾರೂ ಇರಲಿಲ್ಲ.