ಮಿಡಿಮಾವಿನ ಪೊರೆ

"ಅಮ್ಮಾ, ಸಫೂರಾ ಆಂಟಿ ಯಾಕೆ ಕೂತ್ಕೊಳ್ಳೋದೇ ಇಲ್ಲ? ಅವರ ಮನೇಲಿ ಕುರ್ಚಿ ಇಲ್ವಾ?"

ಆರು ವರ್ಷದ ಅಮೂಲ್ಯ ಇದನ್ನು ಕೇಳಿದ್ದು ಸಫೂರಾಳ ಎದುರಿಗೇ. ಅವಳಮ್ಮ ವಾಣಿಗೆ ನಾಚಿಕೆಯಾಯಿತು. ಸಫೂರಾ ಮಾತ್ರ ಪುಸ್ತಕ ಹಿಡಿದುಕೊಂಡು ಅಡುಗೆಮನೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಸುತ್ತುತ್ತಲೇ, "ಇದೆ ಪುಟ್ಟಿ. ಕೂತ್ರೆ ನಿದ್ದೆ ಬಂದುಬಿಡುತ್ತೆ. ನಾನು ಎದ್ದಿದ್ದು ನಾಲ್ಕೂವರೆಗೆ" ಅಂದಳು.

ಅದು ಅರ್ಧ ನಿಜ. ಅವಳು ಮೊದಲಿಂದಲೂ ಹಾಗೆಯೇ. ಹುಟ್ಟಿದ್ದು ಭದ್ರಾವತಿಯ ಕಾರ್ಖಾನೆ ಕಾಲೊನಿಯ ಅಂಚಿನಲ್ಲಿ. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಹತ್ತನೇ ತರಗತಿಗೆ ಓದು ನಿಂತಿತು. ಮದುವೆಯಾಗಿ ಮಲವಗೊಪ್ಪಕ್ಕೆ ಬಂದಳು. ಗಂಡ ಮುಸ್ತಕೀಮ್ ಕೋಟೆ ಕಡೆ ಬೈಕ್ ಮೆಕ್ಯಾನಿಕ್. ಅತ್ತೆ ಸರ್ವರ್ ಬೀ ಅವರ ಕಿಡ್ನಿ ಕೈಕೊಟ್ಟಾಗ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದವಳು ಇವಳೇ. ನಾಲ್ಕು ಗಂಟೆ ಮಂಚದ ಪಕ್ಕ ನಿಂತಿರುತ್ತಿದ್ದಳು. ಯಂತ್ರದೊಳಗೆ ಒಂದು ತೆಳು ಪೊರೆ ಇದೆ, ಕೊಳೆಯನ್ನು ದಾಟಿಸಿ ರಕ್ತವನ್ನು ಉಳಿಸಿಕೊಳ್ಳುತ್ತದೆ ಅಂತ ಅಲ್ಲಿನ ಟೆಕ್ನಿಷಿಯನ್ ಒಂದು ದಿನ ಹೇಳಿದ್ದೇ ತಡ, ತಾನೂ ಆ ಕೆಲಸ ಕಲಿಯಬೇಕು ಅನ್ನುವ ಹುಚ್ಚು ಹತ್ತಿತು. ಅತ್ತೆ ತೀರಿಕೊಂಡು ಮೂರು ವರ್ಷವಾದರೂ ಅದು ಇಳಿಯಲಿಲ್ಲ.

ಆ ಕೋರ್ಸಿಗೆ ಹನ್ನೆರಡನೇ ತರಗತಿಯ ಜೀವಶಾಸ್ತ್ರ ಪಾಸಾಗಿರಬೇಕು. ಮುಕ್ತ ಶಾಲೆಗೆ ಹೆಸರು ಕೊಟ್ಟಳು. ಒಂದೊಂದೇ ವಿಷಯ ಪಾಸಾಯಿತು. ಜೀವಶಾಸ್ತ್ರದ ಪ್ರಾಕ್ಟಿಕಲ್ ಮಾತ್ರ ಉಳಿದುಹೋಯಿತು. ಹೋದ ವರ್ಷ ಪರೀಕ್ಷಕರು "ಕೂತ್ಕೊಳ್ಳಮ್ಮ" ಅಂದು, ಈರುಳ್ಳಿ ಪೊರೆಯನ್ನು ಉಪ್ಪುನೀರಿಗೆ ಹಾಕಿದರೆ ಏನಾಗುತ್ತೆ ಅಂತ ಕೇಳಿದರು. ಕೂತಳು, ಬಾಯಿ ಕಟ್ಟಿಹೋಯಿತು. ಈ ಸಲ ತಪ್ಪಿದರೆ ನೋಂದಣಿಯ ಅವಧಿಯೇ ಮುಗಿಯುತ್ತದೆ. ಆಮೇಲೆ ಎಲ್ಲ ವಿಷಯವೂ ಮೊದಲಿಂದ.

ಹಾಗಾಗಿಯೇ ಅವಳು ವಾಣಿಯ ಬಾಗಿಲು ತಟ್ಟಿದ್ದು. ಮಗಳು ಹುಟ್ಟಿದ ಮೇಲೆ ವಾಣಿ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಕೆಲಸ ಬಿಟ್ಟಿದ್ದಳು.

ಕಥೆ ಕೇಳಿ ವಾಣಿ ಹಣೆ ಚಚ್ಚಿಕೊಂಡಳು. "ಮಾರಾಯ್ತಿ, ನೀನು ಕೆಲಸಕ್ಕೆ ಹೋಗೋ ಸುಭದ್ರಮ್ಮನ ಶೆಡ್ಡಲ್ಲಿ ವರ್ಷಕ್ಕೆ ಕ್ವಿಂಟಾಲ್‌ಗಟ್ಟಲೆ ಮಿಡಿಯನ್ನ ಉಪ್ಪಿಗೆ ಹಾಕಿ ಚಿರುಟಿಸ್ತೀಯ. ಅಷ್ಟು ಹೇಳಕ್ಕಾಗಲಿಲ್ವಾ?"

"ಅದು ಉಪ್ಪಿನಕಾಯಿ ಟೀಚರಮ್ಮ, ಇದು ಸೈನ್ಸು."

ಪಾಠ ಶುರುವಾಯಿತು. ಜೀವಕೋಶದ ಪೊರೆ ಗೋಡೆಯಲ್ಲ. ಕೊಬ್ಬಿನ ಕಣಗಳು ಎರಡು ಸಾಲಾಗಿ ನಿಂತಿರುತ್ತವೆ. ನೀರನ್ನು ಇಷ್ಟಪಡುವ ತಲೆಗಳು ಹೊರಗೂ ಒಳಗೂ ಇರುವ ನೀರಿನ ಕಡೆಗೆ, ನೀರೆಂದರೆ ಆಗದ ಬಾಲಗಳು ನಡುವೆ.

"ಗೊತ್ತಾಯ್ತು! ಬೆಳಿಗ್ಗೆ ಭದ್ರಾವತಿ ಬಸ್ಸಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಎರಡು ಸಾಲು ಕಿಟಕಿ ನೋಡ್ತಾ ನಿಂತಿರ್ತೀವಲ್ಲ, ಹಾಗೆ."

"ಹಾಗೇ. ನಿಂತಲ್ಲಿ ನಿಲ್ಲಲ್ಲ, ಪಕ್ಕಕ್ಕೆ ಸರೀತಾನೇ ಇರ್ತವೆ. ಮಧ್ಯೆ ಮಧ್ಯೆ ಪ್ರೋಟೀನುಗಳು. ಅವೇ ಬಾಗಿಲು, ಅವೇ ಕಂಡಕ್ಟರು. ಯಾರನ್ನು ಬಿಡಬೇಕು, ಯಾರನ್ನು ತಡೀಬೇಕು ಅಂತ ನೋಡ್ತವೆ. ಕೆಲವನ್ನು ಶಕ್ತಿ ಖರ್ಚುಮಾಡಿ ತಳ್ಳಿ ಒಳಗೆ ತರ್ತವೆ."

"ಅವಕ್ಕೂ ಸೀಟಿಲ್ವಾ?" ಅಂದಳು ಅಮೂಲ್ಯ.

ಪರೀಕ್ಷೆಗೆ ಎಂಟು ದಿನ ಇರುವಾಗ ಎಡವಟ್ಟಾಯಿತು. ಉಪ್ಪುನೀರನ್ನು ಸಂಜೆ ಕುದಿಸಿ, ಬಟ್ಟೆ ಮುಚ್ಚಿ ಇಟ್ಟು, ಮರುದಿನ ಬೆಳಿಗ್ಗೆ ಪೂರ್ತಿ ಆರಿದ ಮೇಲೆ ಮಿಡಿಯ ಮೇಲೆ ಹುಯ್ಯುವುದು ಆ ಶೆಡ್ಡಿನ ಪದ್ಧತಿ. ಈ ಲೋಡು ಮುಗಿದರೆ ಪರೀಕ್ಷೆಗೆ ರಜೆ ಅಂದಿದ್ದರು ಸುಭದ್ರಮ್ಮ. ಸಫೂರಾಗೆ ಆ ಒಂದು ರಾತ್ರಿ ಕಾಯುವಷ್ಟು ತಾಳ್ಮೆ ಇರಲಿಲ್ಲ. ಹಬೆಯಾಡುತ್ತಿರುವಾಗಲೇ ಸುರಿದು, ಮುಚ್ಚಳ ಹಾಕಿ ಓದಲು ಓಡಿಬಂದಳು. ಮೂರನೇ ದಿನ ತೆರೆದರೆ ಡ್ರಮ್ಮಿನ ತುಂಬ ಬೆಂದ ಬದನೆಯಂಥ ಮಿಡಿ.

"ಈ ಶೆಡ್ಡಲ್ಲಿ ಇಷ್ಟು ವರ್ಷಕ್ಕೆ ಯಾರೂ ಮಿಡಿ ಸಾರು ಮಾಡಿರಲಿಲ್ಲ ಕಣೇ," ಅಂದರು ಸುಭದ್ರಮ್ಮ. "ಸೋಮವಾರ ಬೇರೆ ಮಿಡಿ ಬರುತ್ತೆ. ಮಂಗಳವಾರ ಕುದಿಸು, ಬುಧವಾರ ಬೆಳಿಗ್ಗೆ ಹುಯ್ದು ಮುಗಿಸು. ಆಮೇಲೆ ಎಲ್ಲಿಗಾದರೂ ಹೋಗು."

ಪರೀಕ್ಷೆ ಇದ್ದದ್ದು ಬುಧವಾರವೇ, ಒಂಬತ್ತಕ್ಕೆ, ಭದ್ರಾವತಿಯಲ್ಲಿ. ಶೆಡ್ಡು ತೆರೆಯುವ ಹೊತ್ತಿಗೆ ಅವಳು ಬಸ್ಸಿನಲ್ಲಿರಬೇಕು.

ಸಫೂರಾ ಮೆತ್ತಗಾದ ಒಂದು ಮಿಡಿಯನ್ನು ತಂದು ವಾಣಿಯ ಅಂಗೈಯಲ್ಲಿಟ್ಟಳು. ಬಯ್ಯಬೇಕೆಂದಿದ್ದ ವಾಣಿ ಅವಳ ಮುಖ ನೋಡಿ ಟೀಗೆ ನೀರಿಟ್ಟಳು. ಒಂದು ಲೋಟ ಟೀ ಕೊಟ್ಟು, "ಇದು ಯಾಕೆ ಹೀಗಾಯ್ತು? ನೀನೇ ಹೇಳು" ಅಂದಳು.

ಸಫೂರಾ ಸುತ್ತತೊಡಗಿದಳು. "ಆರಿದ ಉಪ್ಪುನೀರು ಹಾಕಿದ್ರೆ ಪೊರೆ ನೀರನ್ನ ಹೊರಗೆ ಬಿಡುತ್ತೆ, ಮಿಕ್ಕಿದ್ದನ್ನ ಹಿಡ್ಕೊಳ್ಳುತ್ತೆ. ಅದಕ್ಕೇ ಮಿಡಿ ಚಿರುಟುತ್ತೆ. ಈರುಳ್ಳೀದೂ ಅಷ್ಟೇ, ಒಳಗಿನ ಜೀವದ್ರವ ಕುಗ್ಗಿ ಭಿತ್ತಿ, ಅಂದ್ರೆ ಕೋಶದ ಹೊರಗೋಡೆ, ಬಿಟ್ಟು ದೂರ ಸರಿಯುತ್ತೆ. ನಾನು ಬಿಸೀದು ಹುಯ್ದೆ. ಕೊಬ್ಬಿನ ಸಾಲು ಚೆದುರಿಹೋಯ್ತು, ಬಾಗಿಲು ಕಾಯೋ ಪ್ರೋಟೀನು ಬೆಂದುಹೋಯ್ತು. ಯಾರು ಒಳಗೆ, ಯಾರು ಹೊರಗೆ ಅಂತ ಕೇಳೋರೇ ಇಲ್ಲ. ಹುಳಿ, ಬಣ್ಣ ಎಲ್ಲ ಸೋರಿಹೋಯ್ತು..."

ಹೇಳುತ್ತ ಹೇಳುತ್ತ ಕಿಟಕಿಯ ಹತ್ತಿರ ನಿಂತುಬಿಟ್ಟಳು. "ಅಮ್ಮಾ, ಆಂಟಿ ನಿಂತ್ರು!" ಅಂತ ಕೂಗಿದಳು ಅಮೂಲ್ಯ.

"ಇಷ್ಟೇ ಹೇಳು ಅಲ್ಲಿ," ಅಂದಳು ವಾಣಿ. "ಪಾಸಾಗ್ತೀಯ."

"ಅಲ್ಲಿಗೆ ಹೋದ್ರೆ ತಾನೇ ಹೇಳೋದು?" ಸಫೂರಾ ಲೋಟವನ್ನು ಕಟ್ಟೆಯ ಮೇಲಿಟ್ಟಳು. "ಶೆಡ್ಡಿನ ಇನ್ನಿಬ್ಬರು ಬುಧವಾರ ಮಿಡಿ ಆಯೋಕೆ ತೋಟಕ್ಕೆ ಹೋಗ್ತಾರೆ. ಸುಭದ್ರಮ್ಮನ್ನ ಕೇಳಿದೀನಿ, ಟೀಚರಮ್ಮ ಬಂದ್ರೆ ಆಗಬಹುದು ಅಂದ್ರು. ಒಂದು ಉಪಕಾರ ಮಾಡ್ತೀರಾ? ಅವತ್ತು ನನ್ನ ಡ್ರಮ್ಮಿಗೆ ಉಪ್ಪುನೀರು ನೀವು ಹುಯ್ಯಿರಿ. ಮಗೂನ ಕರ್ಕೊಂಡೇ ಬನ್ನಿ, ಪರವಾಗಿಲ್ಲ. ಆದರೆ ಹುಯ್ಯೋ ಮುಂಚೆ ಬೆರಳು ಅದ್ದಿ ನೋಡಿ ಟೀಚರಮ್ಮ. ಚೂರು ಬೆಚ್ಚಗಿದ್ರೂ ಕಾಯಿರಿ."