ಹಸಿ ಹಾಳೆಯ ಪೆಟ್ಟು

ಪುತ್ತೂರು ಪೇಟೆಯಲ್ಲಿ ಸಿಕ್ಕವರು ಈಗಲೂ "ಧಣಿಗಳು ನಿಮಗೆ ಹೊಡೆದದ್ದು ಎಂತ ತಮಾಷೆ ಮಾರಾಯ್ರೆ" ಎನ್ನುವಾಗ ನನಗೆ ಮೈ ಉರಿಯುತ್ತದೆ.

ಎಪ್ಪತ್ತರ ದಶಕದಲ್ಲಿ ಶಾಲೆಗಳಲ್ಲಿ ನಗೆನಾಟಕ ಆಡುತ್ತಿದ್ದ ನಮ್ಮ ಮೂವರ ತಂಡದಲ್ಲಿ ಪೆಟ್ಟು ತಿನ್ನುವವನು ನಾನು. ಹೊಡೆಯಲು ಒಣ ಅಡಿಕೆ ಹಾಳೆ, ಎಂದರೆ ಅಡಿಕೆ ಸೋಗೆಯ ಬುಡದ ಅಗಲ ಪಟ್ಟೆ, ಬಳಸುತ್ತಿದ್ದೆವು. ಅದು ಪಟಾರನೆ ಸದ್ದು ಮಾಡುತ್ತದೆ, ನೋವಾಗುವುದಿಲ್ಲ.

ಇಚಿಲಂಪಾಡಿಯಲ್ಲಿ ನಾಟಕದ ನಡುವೆ ಊರಿನ ಧಣಿ ವೇದಿಕೆ ಹತ್ತಿದರು. "ನಾನೊಂದು ಕೊಡ್ತೇನೆ, ನಿನಗೆ ನೋವಾಗುದಿಲ್ಲವಲ್ಲ" ಎಂದು, ತೋಟದಿಂದ ತರಿಸಿದ ಹಸಿ ಹಾಳೆಯಿಂದ ಬಾರಿಸಿದರು. ಹಸಿ ಹಾಳೆಗೆ ಸದ್ದಿಲ್ಲ, ಚರ್ಮ ಮಾತ್ರ ಸುಲಿಯುತ್ತದೆ. ಸದ್ದು ಬರಲಿಲ್ಲವೆಂದು ಇನ್ನೊಮ್ಮೆ ಬಾರಿಸಿದರು. ಸಭೆ ಬಿದ್ದು ಬಿದ್ದು ನಕ್ಕಿತು.

ನಾನೋ, ಅಭ್ಯಾಸಬಲದಿಂದ ಪಲ್ಟಿ ಹೊಡೆದು, ಎದ್ದು, ಆ ಮನುಷ್ಯನಿಗೇ ಕೈಮುಗಿದೆ.